ಇನ್ನೂರಾ ಹನ್ನೆರಡನೆಯ ವೋಟು

ಜಮಖಂಡಿಯ ತಹಶೀಲ್ದಾರ್ ಕಚೇರಿಯಲ್ಲಿ ಮತದಾರರ ಪಟ್ಟಿ ತಿದ್ದಿಸುವ ಸಾಲು ಉದ್ದವಿತ್ತು. ನನ್ನ ಮುಂದೆ ಬನಹಟ್ಟಿಯ ಹಳೆಯ ನೇಕಾರ ಗಿರಿಮಲ್ಲಪ್ಪ, ಹೆಂಡತಿ ಸಾವಿತ್ರೆವ್ವ ಮತ್ತು ಫಾರ್ಮು ಹಿಡಿದ ಮೊಮ್ಮಗಳು ಅಕ್ಷತಾ ನಿಂತಿದ್ದರು.

“ಅಜ್ಜಾ, ನೀ ಮೊದಲ ವೋಟು ಹಾಕಿದ್ದು ಎಲ್ಲಿ?” ಎಂದು ಅಕ್ಷತಾ ಕೇಳಿದಳು.

“ಮುಂಬೈದಾಗ. ಮಿಲ್ಲಿನ ಓಣಿಗಳನ್ನಷ್ಟ ಕೂಡಿಸಿ ಒಂದು ಲೋಕಸಭಾ ಕ್ಷೇತ್ರ ಮಾಡಿದ್ರು. ಒಂದ ಚುನಾವಣಿ ಆತು. ಮುಂದ ಗೆರಿ ಬದಲಾಸಿ ಕ್ಷೇತ್ರಾನ ಅಳಿಸಿಬಿಟ್ರು.”

“ಆ ಚುನಾವಣಿಗೆ ಇವರೂ ನಿಂತಿದ್ರು,” ಎಂದಳು ಸಾವಿತ್ರೆವ್ವ.

“ಅಜ್ಜಾ, ನೀ ಎಂಪಿ ಚುನಾವಣಿಗೆ ನಿಂತಿದ್ದಿಯೇನ?”

“ಹೂಂ, ಏಣಿ ಗುರುತು. ನಾವಿದ್ದ ಮಿಲ್ ಕಾರ್ಮಿಕರ ಚಾಳದಾಗ ಇನ್ನೂರಾ ಹನ್ನೆರಡು ವೋಟು ಇದ್ದುವು. ನನಗ ಬಿದ್ದಿದ್ದು ಇನ್ನೂರಾ ಹನ್ನೊಂದು. ಕೈ ಕೊಟ್ಟಾಂವ ಯಾರು ಅಂತ ಅರವತ್ತು ವರ್ಷದಿಂದ ಹುಡುಕಾಕತ್ತೇನಿ.”

“ಇನ್ನ ಹುಡುಕಬ್ಯಾಡ್ರಿ. ನಾನ.”

“ಏನಂದಿ?”

“ನಾನ ನಿಮಗ ಹಾಕಲಿಲ್ಲ. ಲಗ್ನ ಆಗಿ ಆರು ತಿಂಗಳಾಗಿತ್ತು. ನೀವು ದಿಲ್ಲಿಗೆ ಹೋಗಿದ್ರ ಆ ಖೋಲಿಯೊಳಗ ನಾ ಒಬ್ಬಾಕಿ ಹೆಂಗ ಇರಬೇಕಿತ್ತು?”

ಗಿರಿಮಲ್ಲಪ್ಪ ಅವಳನ್ನೇ ನೋಡಿದರು. ಆಮೇಲೆ ಅವರು ನಕ್ಕ ನಗೆಗೆ ಸಾಲಿನವರೆಲ್ಲ ತಿರುಗಿ ನೋಡಿದರು.

“ಲೇ, ಗೆದ್ದಾಂವಗ ಲಕ್ಷ ವೋಟು ಬಿದ್ದಿದ್ದುವು!”

“ಅದು ನನಗೇನ ಗೊತ್ತಿತ್ತರಿ? ನೀವ ಗೆಲ್ಲತೀರಿ ಅಂತ ನನಗ ಖಾತ್ರಿ ಇತ್ತು.”

ಅಷ್ಟರಲ್ಲಿ ಒಳಗಿಂದ ಅವರ ಹೆಸರು ಕೂಗಿದರು. ಗಿರಿಮಲ್ಲಪ್ಪ ಹೆಂಡತಿಯ ಕೈ ಹಿಡಿದು ಕಿಟಕಿಯತ್ತ ನಡೆದರು.

“ಖರೆ ಹೇಳು, ಯಾರಿಗೆ ಹಾಕಿದಿ?”

“ಅದನ್ನ ಕೇಳಬಾರದರಿ. ಗುಪ್ತ ಮತದಾನ.”