ಬೂದು ಬಣ್ಣದ ಲೈನಿಂಗ್

ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಬಟ್ಟೆ ಅಂಗಡಿಯ ಮಾಲೀಕರೇ, ಸ್ಟೂಲುಗಳ ಉದ್ಘಾಟನೆಗೆಂದು ಬಿಡುವು ಮಾಡಿಕೊಂಡು ಬಂದಿರುವ ಬ್ಯಾಂಕಿನ ಮೇಡಂ ಅವರೇ, ಹೋದ ತಿಂಗಳು ತಪಾಸಣೆಗೆ ಬಂದು ಇಂದು ಅತಿಥಿಯಾಗಿ ಬಂದಿರುವ ಕಾರ್ಮಿಕ ಇಲಾಖೆಯ ಸಾಹೇಬರೇ, ನಮ್ಮ ಮೇಲ್ವಿಚಾರಕರೇ, ವರ್ತಕರ ಸಂಘದ ಹಿರಿಯರೇ, ಕುರ್ಚಿಗಳಲ್ಲಿ ಆಸೀನರಾಗಿರುವ ಸಭಿಕರೇ, ಹಾಗೂ ಹಿಂದಿನ ಗೋಡೆಗೆ ಒರಗಿಯೂ ಒರಗದ ಹಾಗೆ ನಿಂತಿರುವ ನನ್ನ ಅಕ್ಕಂದಿರೇ,

ಎಲ್ಲರಿಗೂ ವಂದನೆಗಳು.

‘ದುಡಿಯುವ ಮಹಿಳೆಯರಿಂದ ನಾನು ಕಲಿತ ಪಾಠಗಳು’ ಎಂಬುದು ನನಗೆ ಕೊಟ್ಟಿರುವ ವಿಷಯ. ಅಂಗಡಿಯಲ್ಲಿ ಎಲ್ಲರಿಗಿಂತ ಚಿಕ್ಕವಳಾದ ನನಗೆ ಈ ಅವಕಾಶ ಏಕೆ ಸಿಕ್ಕಿತು? ಸ್ಟೂಲು ಕೇಳಿದವಳು ನಾನು ಎಂಬ ಕಾರಣಕ್ಕೆ. ಭಾಷಣವನ್ನೂ ಆಫೀಸಿನಲ್ಲೇ ಟೈಪ್ ಮಾಡಿಸಿ ಕೊಟ್ಟಿದ್ದಾರೆ. ಚೆನ್ನಾಗಿದೆ. ಅದರಲ್ಲಿ ಹೆಣ್ಣು ಮನೆಗೂ ದೀಪ, ಅಂಗಡಿಗೂ ದೀಪ. ಮಾಲೀಕರೇ, ದೀಪಕ್ಕೆ ಒಂದು ಅನುಕೂಲವಿದೆ. ಅದಕ್ಕೆ ಕಾಲಿಲ್ಲ.

ನಗಬಹುದು, ತಪ್ಪಿಲ್ಲ. ನಾನೂ ನಗಬೇಕೆಂದೇ ಇದ್ದೆ.

ವೇದಿಕೆಯ ಮೇಲೆ, ನನ್ನ ಎಡಕ್ಕೆ, ಆರು ಹೊಸ ಸ್ಟೂಲುಗಳಿವೆ. ಅವುಗಳ ಸುತ್ತ ಕೆಂಪು ರಿಬ್ಬನ್ ಕಟ್ಟಿದ್ದಾರೆ. ಮೇಡಂ ಅವರು ಕತ್ತರಿಸಿದ ಮೇಲೆ ಅವು ನಮ್ಮವು. ಗಿರಾಕಿ ಇಲ್ಲದಾಗ ಮಾತ್ರ ಕೂರಬೇಕು ಎಂಬುದು ನಿಯಮ. ಗಿರಾಕಿ ಇಲ್ಲದ ಅಂಗಡಿಯನ್ನು ಯಾವ ಮಾಲೀಕರು ಬಯಸುತ್ತಾರೆ? ನಾವು ಬಯಸುತ್ತೇವೆಯೇ? ಇರಲಿ. ಆ ಜಗಳ ಇನ್ನೊಂದು ದಿನ ಆಡುತ್ತೇನೆ, ಖಂಡಿತ ಆಡುತ್ತೇನೆ. ಇಂದು ನಾನು ಹೇಳಬೇಕಾದದ್ದು ಬೇರೆ. ಅದನ್ನು ಬೇಗ ಹೇಳಬೇಕು, ಏಕೆಂದರೆ ನಾನು ಮಾತನಾಡುತ್ತಿರುವಷ್ಟು ಹೊತ್ತೂ ಒಬ್ಬರು ನೋಯುವ ಮಂಡಿಯ ಮೇಲೆ ನಿಂತಿದ್ದಾರೆ.

ದಯವಿಟ್ಟು ಯಾರೂ ತಿರುಗಿ ನೋಡಬೇಡಿ. ವೇದಿಕೆಯ ಕಡೆಗೇ ನೋಡುತ್ತಿರಿ. ಏಕೆಂದು ಮುಂದೆ ಗೊತ್ತಾಗುತ್ತದೆ.

ಅವರನ್ನು ನಾವು ಮೀಟರಕ್ಕ ಎನ್ನುತ್ತೇವೆ. ಇಪ್ಪತ್ತು ವರ್ಷಕ್ಕೂ ಮೇಲಾಗಿ ಪರದೆ ಬಟ್ಟೆಯ ಕೌಂಟರಿನಲ್ಲಿ ಅಳೆದು, ಹರಿದು, ಮಡಿಸಿ ಕೊಟ್ಟವರು. ಗಿರಾಕಿಗಳು ಅಂಗಡಿಯ ಹೆಸರು ಹೇಳುವುದಿಲ್ಲ, ‘ಆ ಅಕ್ಕನ ಹತ್ತಿರ ತಗೊಂಡ್ವಿ’ ಎನ್ನುತ್ತಾರೆ. ನಾನು ಕೆಲಸಕ್ಕೆ ಸೇರಿದ ದಿನ ಮಧ್ಯಾಹ್ನದ ಹೊತ್ತಿಗೆ ನನ್ನ ಕಾಲು ಮರಗಟ್ಟಿಹೋಗಿತ್ತು. ಅವರು ಪಕ್ಕಕ್ಕೆ ಬಂದು, ತುಟಿ ಅಲ್ಲಾಡಿಸದೆ ಹೇಳಿದರು: “ಕಾಲು ಬದಲಾಯಿಸ್ತಾ ಇರು, ಮುಖ ಬದಲಾಯಿಸ್ಬೇಡ.” ಇದು ನಾನು ಕಲಿತ ಮೊದಲ ಪಾಠ. ನನಗೆ ಇಷ್ಟವಾಗಲಿಲ್ಲ. ನನ್ನ ಚೀಲದ ತುಂಬ ಕರಪತ್ರಗಳು, ತೆಳು ಪುಸ್ತಿಕೆಗಳು. ಅವುಗಳಲ್ಲೆಲ್ಲ ಮುಖ ಬದಲಾಯಿಸಿ, ಮುಷ್ಟಿ ಎತ್ತಿ ಎಂದೇ ಇತ್ತು. ನಾನು ಅದನ್ನು ಅವರಿಗೂ ಓದಿ ಹೇಳಿದೆ. ಅಂದಿನಿಂದ ನನ್ನ ಹೆಸರು ‘ಕರಪತ್ರ’.

“ಏ ಕರಪತ್ರ, ಆ ಹಳದಿ ಥಾನು ಇಳಿಸು. ಕ್ರಾಂತಿ ಆಮೇಲೆ ಮಾಡುವಂತೆ.”

ಪರದೆ ಬಟ್ಟೆಯ ಥಾನುಗಳನ್ನು ನಿಲ್ಲಿಸಿಡುವ ಮೂಲೆಯಲ್ಲಿ, ಅವುಗಳ ಹಿಂದೆ, ಒಬ್ಬರು ಕೂರುವಷ್ಟು ಜಾಗವಿತ್ತು. ಅಲ್ಲೊಂದು ಮರದ ಪೆಟ್ಟಿಗೆ. ಮೀಟರಕ್ಕ ಮಾಡಿದ ಏರ್ಪಾಟು ಅದು. ಒಬ್ಬರಾದ ಮೇಲೆ ಒಬ್ಬರು, ಪಾಳಿಯ ಮೇಲೆ ಕೂರುವುದು. ಒಬ್ಬರು ಕೂತಾಗ ಇನ್ನೊಬ್ಬರು ಮೆಟ್ಟಿಲ ಕಡೆ ಕಣ್ಣಿಟ್ಟು ಪಹರೆ ನಿಲ್ಲುವುದು. ಮೇಲ್ವಿಚಾರಕರು ಇಳಿದು ಬಂದರೆ ಪಹರೆಯವರು ಗಟ್ಟಿಯಾಗಿ ಕೇಳಬೇಕು: “ಬೂದು ಬಣ್ಣದ ಲೈನಿಂಗ್ ಇದೆಯಾ?” ಕೂತವರು ಒಂದು ಥಾನು ತಬ್ಬಿಕೊಂಡು ಹೊರಬಂದು, “ಇಲ್ಲ ಕಣೇ, ಖಾಲಿಯಾಗಿದೆ” ಎನ್ನಬೇಕು. ಬೂದು ಲೈನಿಂಗನ್ನು ನಮ್ಮ ಊರಿನಲ್ಲಿ ಯಾರೂ ಕೊಳ್ಳುವುದಿಲ್ಲ, ಅದಕ್ಕೇ ಅದನ್ನು ಆರಿಸಿದ್ದು. ಆದರೆ ದಿನಕ್ಕೆ ಇಷ್ಟೊಂದು ಸಲ ಕೇಳಿ ಕೇಳಿ ಮೇಲ್ವಿಚಾರಕರು ಏನು ಮಾಡಿದರು? ಇಷ್ಟು ಬೇಡಿಕೆ ಇರುವ ಮಾಲನ್ನು ಇಡದಿರುವುದು ತಪ್ಪೆಂದು ಒಂದು ಗಾಡಿ ತುಂಬ ತರಿಸಿಬಿಟ್ಟರು! ಆ ಥಾನುಗಳು ಇಂದಿಗೂ ಗೋಡೌನಿನಲ್ಲಿವೆ. ಮೇಲ್ವಿಚಾರಕರೇ, ಕ್ಷಮಿಸಿ. ಆ ನಷ್ಟಕ್ಕೆ ನಾವೇ ಹೊಣೆ.

ಆ ಜಾಗದ ವಿಷಯ ಈಗ ಹೇಳಬಹುದು, ಏಕೆಂದರೆ ಅದು ಈಗಿಲ್ಲ. ಅದನ್ನು ಹಾಳು ಮಾಡಿದವಳು ನಾನು.

ಹೊಸಬರು ಮೊದಲು ಪಹರೆ ನಿಲ್ಲಬೇಕು, ಆಮೇಲೆ ಕೂರಬೇಕು ಎಂಬುದು ಅಕ್ಕಂದಿರ ನಡುವಿನ ಮಾತು. ನಾನು ಒಪ್ಪಲಿಲ್ಲ. ಯಜಮಾನನಿಗೆ ಹೆದರಿ ದಾರಿ ಕಾಯುವುದು ಗುಲಾಮರ ಲಕ್ಷಣ ಎಂದೆ. ಮೀಟರಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಆಯ್ತು ಕಣೇ, ನೀನು ಹೋಗಿ ಕೂತು ಓದ್ಕೋ. ನಿನ್ನ ಪಾಲಿನ ಗುಲಾಮಗಿರೀನೂ ನಾನೇ ಮಾಡ್ತೀನಿ.” ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆದರೆ ಹೋಗಿ ಕೂತೆ. ನನ್ನ ಪಾಳಿ ಬಂದಾಗಲೆಲ್ಲ ಕೂತೆ. ದುಡಿಯುವವರ ಹಕ್ಕುಗಳ ಬಗ್ಗೆ ನಾನು ಓದಿದ್ದರಲ್ಲಿ ಬಹುಪಾಲನ್ನು ಓದಿದ್ದು ಆ ಪೆಟ್ಟಿಗೆಯ ಮೇಲೆ ಕೂತು. ಹೊರಗೆ ಪಹರೆ ನಿಂತಿದ್ದವರು ಮೀಟರಕ್ಕ.

ಅವರ ಮಂಡಿ ಕೆಟ್ಟಿರುವುದು ನನಗೆ ಗೊತ್ತಿರಲಿಲ್ಲ ಎಂದು ಬರೆದುಕೊಂಡು ಬಂದಿದ್ದೆ. ಆ ಸಾಲನ್ನು ಓದುವುದಿಲ್ಲ. ನೋವಿನ ಮುಲಾಮಿನ ವಾಸನೆ ಪೆಟ್ಟಿಗೆಗೂ ಹತ್ತಿತ್ತು. ಮೂಗಿದ್ದ ಯಾರಿಗಾದರೂ ಗೊತ್ತಾಗುತ್ತಿತ್ತು.

ಇಲ್ಲಿ ನನ್ನ ಮನೆಯ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮಪ್ಪ ಗಡಿಯಾರ ರಿಪೇರಿ ಮಾಡುವವರು, ಜೀವನವೆಲ್ಲ ಕೂತು ದುಡಿದವರು. ಅಮ್ಮ ಮನೆಯಲ್ಲೇ ನಾಲ್ಕು ಮನೆಯವರ ಬಟ್ಟೆಗೆ ಇಸ್ತ್ರಿ ಹಾಕುತ್ತಾರೆ, ನಿಂತು. ನಮ್ಮ ಮನೆಯಲ್ಲಿ ಇರುವುದು ಒಂದೇ ಕುರ್ಚಿ. ಸಂಜೆ ನಾನು ಅದರಲ್ಲಿ ಕೂತು ‘ಹೆಣ್ಣಿನ ಶ್ರಮಕ್ಕೆ ಬೆಲೆ ಎಲ್ಲಿ?’ ಎಂಬ ಪುಸ್ತಿಕೆಯನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಅಮ್ಮ ಇಸ್ತ್ರಿ ಉಜ್ಜುತ್ತಲೇ ಹೂಂಗುಟ್ಟುತ್ತಿದ್ದರು. “ಚೆನ್ನಾಗ್ ಬರ್ದಿದಾರೆ ಕಣೇ. ಸ್ವಲ್ಪ ಕಾಲು ಆಚೆ ತಗೋ, ಬಟ್ಟೆ ಇಡಬೇಕು.” ಇದರಲ್ಲಿ ಏನೋ ಹೆಚ್ಚು ಕಡಿಮೆ ಇದೆ ಎಂದು ನನಗೆ ಎಂದೂ ಅನ್ನಿಸಲಿಲ್ಲ. ನಾನು ಅಷ್ಟು ಏಕಾಗ್ರತೆಯಿಂದ ಓದುತ್ತಿದ್ದೆ.

ವಿಷಯಕ್ಕೆ ಬರುತ್ತೇನೆ.

ಹೋದ ತಿಂಗಳು ಸಾಹೇಬರು ತಪಾಸಣೆಗೆ ಬಂದರು. ಮಾಲೀಕರೂ ಜೊತೆಗಿದ್ದರು. ಕೂರಲು ವ್ಯವಸ್ಥೆ ಇದೆಯೇ ಎಂದು ಸಾಹೇಬರು ಕೇಳಿದಾಗ ಅಕ್ಕಂದಿರೆಲ್ಲ “ಎಲ್ಲಾ ಚೆನ್ನಾಗಿದೆ ಸಾರ್” ಎಂದರು. ನನಗೆ ಮೈ ಉರಿಯಿತು. ಹೇಡಿಗಳು ಎಂದುಕೊಂಡೆ. ಈಗ ಅವರ ಮುಂದೆಯೇ ಹೇಳುತ್ತಿದ್ದೇನೆ, ಆ ಪದವನ್ನೇ ಅಂದುಕೊಂಡೆ. “ಬನ್ನಿ ಸಾರ್, ತೋರಿಸ್ತೀನಿ” ಎಂದು ಇಬ್ಬರನ್ನೂ ಆ ಮೂಲೆಗೆ ಕರೆದೊಯ್ದೆ. ಹಿಂದೆ ಯಾರೋ ನಡುಗುವ ದನಿಯಲ್ಲಿ ಬೂದು ಲೈನಿಂಗ್ ಕೇಳಿದರು. ಕೇಳಿಸಿತು. ಕೇಳಿಸಿಯೂ ಎರಡು ಕೈಯಿಂದ ಥಾನುಗಳನ್ನು ಸರಿಸಿಬಿಟ್ಟೆ.

“ನೋಡಿ ಸಾರ್! ಕಳ್ಳರ ಹಾಗೆ ಅಡಗಿ ಕೂರಬೇಕಾಗಿದೆ ಇವರು!”

ಮೀಟರಕ್ಕ ಕೂತಿದ್ದರು. ಉಟ್ಟ ಸೀರೆಯನ್ನು ಮಂಡಿಯವರೆಗೆ ಸರಿಸಿ, ಪಟ್ಟಿ ಬಿಚ್ಚಿ, ಮುಲಾಮು ಹಚ್ಚಿಕೊಳ್ಳುತ್ತಿದ್ದರು. ಬಾತ ಕಾಲು. ಎದುರಿಗೆ ಇಬ್ಬರು ಗಂಡಸರು. ಅವರು ಎದ್ದು ನಿಲ್ಲಲು ನೋಡಿದರು, ಒಂದೇ ಸಲಕ್ಕೆ ಆಗಲಿಲ್ಲ. ಅವರು ನನ್ನ ಮುಖ ನೋಡಲಿಲ್ಲ. ನಾನು ಅವರ ಮುಖ ನೋಡಿದೆ. ಆ ಮುಖ ಬದಲಾಗಿತ್ತು. ಕಾಲು ಎಷ್ಟು ಸೋತರೂ ಬದಲಾಗದಿದ್ದ ಮುಖ.

ಆಮೇಲೆ ಎಲ್ಲವೂ ನನ್ನ ಪುಸ್ತಿಕೆಗಳಲ್ಲಿ ಬರೆದ ಹಾಗೆಯೇ ನಡೆಯಿತು. ಸಾಹೇಬರು ಆದೇಶ ಕೊಟ್ಟರು, ಸ್ಟೂಲು ಬಂತು, ಗೆದ್ದೆವು. ಪುಸ್ತಿಕೆಯಲ್ಲಿ ಇಲ್ಲದ್ದು ಒಂದು ನಡೆಯಿತು. ಈ ವಾರ ಮಾಲೀಕರು ಮೀಟರಕ್ಕನನ್ನು ಕರೆಸಿ, ಸಿಟ್ಟಿನಿಂದಲ್ಲ, ಕನಿಕರದಿಂದಲೇ ಹೇಳಿದರು: “ಮಂಡಿ ಇಷ್ಟು ಕೆಟ್ಟಿದೆ ಅಂತ ನಮಗೆ ಗೊತ್ತೇ ಇರಲಿಲ್ಲ ನೋಡಿ. ಇನ್ನು ಕೌಂಟರ್ ಬೇಡ. ಸೋಮವಾರದಿಂದ ಕೆಳಗೆ ಗೋಡೌನಿನಲ್ಲಿ ಆರಾಮಾಗಿ ಕೂತಿರಿ.”

ಕೂರಬೇಕಲ್ಲವೇ? ಕೂರಲಿ. ಕಿಟಕಿಯಿಲ್ಲದ ಕೋಣೆಯಲ್ಲಿ, ಒಂದು ಬಲ್ಬಿನ ಕೆಳಗೆ, ಬೂದು ಲೈನಿಂಗಿನ ಥಾನುಗಳ ನಡುವೆ, ಒಬ್ಬ ಗಿರಾಕಿಯ ಮುಖವನ್ನೂ ಕಾಣದೆ ಕೂರಲಿ. ಗೋಡೌನಿಗೆ ಇಳಿದವರು ಮತ್ತೆ ಮೇಲೆ ಬಂದದ್ದನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಅಲ್ಲಿಂದ ನೇರ ಮನೆಗೆ ಹೋಗುತ್ತಾರೆ. ಇದು ಅವರಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಆ ಕಾಲನ್ನು ಮುಚ್ಚಿಟ್ಟುಕೊಂಡಿದ್ದರು. ಕೌಂಟರು ಉಳಿಸಿಕೊಳ್ಳಲು ಅವರು ಹೂಡಿದ್ದ ಹೋರಾಟ ಅದು. ಅದಕ್ಕೆ ಘೋಷಣೆ ಇರಲಿಲ್ಲವೆಂದು ನಾನು ಅದನ್ನು ಹೋರಾಟವೆಂದು ಗುರುತಿಸಲಿಲ್ಲ.

ತಪಾಸಣೆಯ ದಿನ ಸಂಜೆ ನಾನು ಗೆದ್ದ ಹುರುಪಿನಲ್ಲಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಮ್ಮ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು.

“ಆಯಮ್ಮನ ಕಾಲು ತೋರ್ಸೋಕೆ ಮುಂಚೆ ಆಯಮ್ಮನ್ನ ಒಂದ್ ಮಾತು ಕೇಳಿದ್ಯಾ?”

“ಕೇಳಿದ್ರೆ ಬೇಡ ಅಂತಿದ್ರು ಅಮ್ಮ.”

“ಹೂಂ. ನನ್ನ ಕಾಲೂ ಎಲ್ಲಾದ್ರೂ ತೋರ್ಸಿದೀಯಾ?”

ತೋರಿಸಿದ್ದೆ. ನಮ್ಮ ಓದುಗರ ಕೂಟದಲ್ಲಿ ಅಮ್ಮನ ಊದಿದ ಪಾದಗಳ ಬಗ್ಗೆ ಮಾತನಾಡಿದ್ದೆ. ತುಂಬ ಚಪ್ಪಾಳೆ ಬಂದಿತ್ತು.

ಸಭಿಕರೇ, ಸ್ಟೂಲು ಕೇಳಿದ್ದು ತಪ್ಪಲ್ಲ. ಅದನ್ನು ನಾಳೆಯೂ ಕೇಳುತ್ತೇನೆ, ನಾಡಿದ್ದೂ ಕೇಳುತ್ತೇನೆ. ಆದರೆ ನಾನು ಯಾರ ಪರವಾಗಿ ಮಾತನಾಡಿದೆನೋ ಅವರೊಂದಿಗೆ ಒಂದು ಮಾತನ್ನೂ ಆಡಿರಲಿಲ್ಲ. ಅವರು ಕಳ್ಳರ ಹಾಗೆ ಕೂತಿರಲಿಲ್ಲ. ಪಾಳಿಯ ಮೇಲೆ, ಒಬ್ಬರಿಗೊಬ್ಬರು ಕಾವಲಾಗಿ ಕೂತಿದ್ದರು. ಒಗ್ಗಟ್ಟು ಎಂಬ ಪದವನ್ನು ಪುಸ್ತಿಕೆಗಳಲ್ಲಿ ಓದುತ್ತ ನಾನು ಕೂತದ್ದೇ ಅದರ ಮಡಿಲಲ್ಲಿ. ಹೊರಗೆ ಬಂದು ಅದನ್ನೇ ಹಿಡಿದುಕೊಟ್ಟೆ.

ನಿನ್ನೆ ಮಾಲೀಕರು ನನ್ನನ್ನು ಕರೆದು, “ನಾಲ್ಕು ಒಳ್ಳೆ ಮಾತಾಡಮ್ಮ. ಆಮೇಲೆ ಆಕೆಯ ವಿಷಯ ನೋಡೋಣ” ಎಂದರು. ಹೊಗಳಿದರೆ ಅಕ್ಕನಿಗೆ ಕೌಂಟರು ಸಿಗಬಹುದು. ಸತ್ಯ ಹೇಳಿದರೆ ಕೈತಪ್ಪಬಹುದು. ಯಾವ ಪುಸ್ತಿಕೆಯಲ್ಲಿ ಇದಕ್ಕೆ ಉತ್ತರವಿದೆ? ನಾನು ಹುಡುಕಲಿಲ್ಲ. ಇಂದು ಬೆಳಿಗ್ಗೆ ಮೀಟರಕ್ಕನ ಹತ್ತಿರ ಹೋಗಿ, ನಿಂತುಕೊಂಡೇ, ಕೇಳಿದೆ: ಏನು ಹೇಳಲಿ ಅಕ್ಕ?

ಅವರು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಇಟ್ಟರು.

“ನನಗೋಸ್ಕರ ಸುಳ್ಳು ಹೇಳ್ಬೇಡ. ನನಗೋಸ್ಕರ ಕೂಗಾಡ್ಲೂಬೇಡ. ಸೋಮವಾರ ನನ್ನ ಕೌಂಟರ್ ನನಗೆ ಬೇಕು, ಅಲ್ಲೊಂದು ಸ್ಟೂಲ್ ಹಾಕ್ಲಿ ಅಂತ ಕೇಳು. ಕಾಲು ಕೆಟ್ಟಿದೆ, ಕೈ ಕೆಟ್ಟಿಲ್ಲ.”

“ಮಂಡಿಯ ವಿಷಯ ಹೇಳಬಹುದಾ?”

“ಹೇಳದೆ ಉಳಿಸಿದೀಯಾ ಏನಾದ್ರೂ? ಹೇಳು. ನೀನು ಮಾಡಿದ್ದನ್ನೂ ಸೇರಿಸಿ ಹೇಳು. ಆದ್ರೆ ಸ್ಟೇಜ್ ಮೇಲೆ ಕರೀಬೇಡ, ನನ್ನ ಕಡೆ ಬೆರಳು ತೋರ್ಸ್ಬೇಡ. ಒಂದ್ ಸಲ ನೋಡಿದ್ದು ಸಾಕು ಎಲ್ರೂ.”

ಅದಕ್ಕೇ ತಿರುಗಬೇಡಿ ಎಂದದ್ದು. ಹಿಂದಿನ ಗೋಡೆಯ ಬಳಿ ನಿಂತಿರುವವರಲ್ಲಿ ಅವರು ಯಾರೆಂದು ನಿಮಗೆ ತಿಳಿಯಬೇಕಾಗಿಲ್ಲ. ಸ್ಟೂಲಿನ ಸಮಾರಂಭದಲ್ಲಿ ಅವರಿಗೆಲ್ಲ ಕುರ್ಚಿ ಸಾಲಲಿಲ್ಲ ಎಂಬುದು ತಿಳಿದರೆ ಸಾಕು.

ಮಾಲೀಕರೇ, ಅವರು ಹೇಳಿಕಳಿಸಿದ್ದನ್ನು ಅವರ ಮಾತಿನಲ್ಲೇ ಕೇಳುತ್ತಿದ್ದೇನೆ, ನನ್ನದೇನೂ ಬೆರೆಸಿಲ್ಲ. ಸೋಮವಾರ ಅವರಿಗೆ ಅವರ ಕೌಂಟರು ಬೇಕು, ಅಲ್ಲೊಂದು ಸ್ಟೂಲು ಬೇಕು. ನಾನು ಆಡಿದ್ದರಲ್ಲಿ ನಿಮಗೆ ಸಿಟ್ಟು ಬರುವಂಥದ್ದು ಇದ್ದರೆ ಅದು ನನ್ನ ಲೆಕ್ಕಕ್ಕೆ. ಗೋಡೌನಿಗೆ ಯಾರಾದರೂ ಇಳಿಯಲೇಬೇಕೆಂದರೆ ನನ್ನ ಮಂಡಿ ಚೆನ್ನಾಗಿದೆ, ಓದಲು ಒಂದು ಬಲ್ಬೂ ಇದೆ.

ಮೇಡಂ ಅವರೇ, ನೀವು ರಿಬ್ಬನ್ ಕತ್ತರಿಸುವ ಮೊದಲೇ ಒಂದು ಸ್ಟೂಲನ್ನು ಅದರ ಕೆಳಗಿನಿಂದ ಎಳೆದುಕೊಳ್ಳುತ್ತಿದ್ದೇನೆ. ಕ್ಷಮೆಯಿರಲಿ. ಉಳಿದ ಐದನ್ನು ಉದ್ಘಾಟಿಸಿ. ಇದನ್ನು ಹಿಂದಕ್ಕೆ ಒಯ್ದು ಅಕ್ಕಂದಿರ ನಡುವೆ ಇಡುತ್ತೇನೆ. ಅವರು ಅದರ ಮುಂದೆ ಒತ್ತಾಗಿ ನಿಲ್ಲುತ್ತಾರೆ, ಆ ಕೆಲಸ ಅವರಿಗೆ ಹೇಳಿಕೊಡಬೇಕಾಗಿಲ್ಲ. ಮಾಲೀಕರು ಉತ್ತರ ಹೇಳುವವರೆಗೆ ಅಲ್ಲಿ ಒಬ್ಬರು ಕೂತಿರುತ್ತಾರೆ. ಅಷ್ಟು ಹೊತ್ತು ನೀವೆಲ್ಲ ಮುಂದೆ ನೋಡುತ್ತಿರಬೇಕೆಂದು ಕೈಮುಗಿದು ಕೇಳುತ್ತೇನೆ. ನಾನು ಪಕ್ಕದಲ್ಲೇ ನಿಂತು ಕಾಯುತ್ತೇನೆ. ಯಾರದ್ದಾದರೂ ಕತ್ತು ಹಿಂದಕ್ಕೆ ತಿರುಗಿದ್ದು ಕಂಡರೆ, ಈ ಸಭೆ ಎಷ್ಟೇ ಗಂಭೀರವಾಗಿರಲಿ, ಬೂದು ಬಣ್ಣದ ಲೈನಿಂಗ್ ಇದೆಯಾ ಎಂದು ಕೂಗಿಬಿಡುತ್ತೇನೆ.

ಇಷ್ಟು ದಿನ ನನ್ನ ಪಾಲಿಗೆ ಬಂದ ಪಹರೆಯನ್ನು ನಾನು ಒಮ್ಮೆಯೂ ನಿಂತಿಲ್ಲ. ಇಂದು ನಿಲ್ಲುತ್ತೇನೆ.

ಇಷ್ಟು ಹೊತ್ತು ಕೂತು ಕೇಳಿದ ನಿಮಗೂ, ನಿಂತು ಕೇಳಿದ ಅವರಿಗೂ ಧನ್ಯವಾದಗಳು. ನಮಸ್ಕಾರ.