ಬಟ್ಟೆಯಲ್ಲಿ ಸೋಸಿದ ಔಷಧಿ

ಆಸ್ಪತ್ರೆಯ ಔಷಧಿ ಕಿಟಕಿಯ ಸಾಲಿನಲ್ಲಿ ಒಬ್ಬ ದರ್ಜಿ ಹೆಂಗಸಿನ ಮುಂದೆ ನಿಂತಿದ್ದ ಗಂಡಸು, ವಾರ್ಡಿನಲ್ಲಿರುವ ತನ್ನ ಮಗಳಿಗೆ ಬೆಳಗಿನಿಂದ ಮತ್ತೆ ಫಿಟ್ಸ್ ಬರುತ್ತಿದೆ ಎಂದು ತೊದಲುತ್ತಿದ್ದ.

"ಮಾತ್ರೆ ತಪ್ಪಿಸಿದ್ರಾ?" ಔಷಧಿ ಕೊಡುವಾಕೆ ಕೇಳಿದಳು.

"ಒಂದು ಹೊತ್ತೂ ತಪ್ಪಿಸಿಲ್ಲ. ಅವಳಿಗೆ ನುಂಗೋಕಾಗಲ್ಲ, ಪುಡಿ ಮಾಡಿ ನೀರಲ್ಲಿ ಕದಡಿ ಕೊಡ್ತೀನಿ."

"ಪೂರ್ತಿ ಕರಗುತ್ತಾ?"

"ಇಲ್ಲ, ಬಿಳಿ ಗಸಿ ಉಳಿಯುತ್ತೆ. ಗಂಟಲಿಗೆ ಸಿಕ್ಕೀತು ಅಂತ ಬಟ್ಟೇಲಿ ಸೋಸಿ, ತಿಳಿನೀರು ಮಾತ್ರ ಕುಡಿಸ್ತೀನಿ."

ಮಾತ್ರೆ ಎಣಿಸುತ್ತಿದ್ದ ಆಕೆಯ ಕೈ ನಿಂತಿತು. "ಅಣ್ಣಾ, ಉಪ್ಪು ಸಕ್ಕರೆಯನ್ನ ನೀರು ತನ್ನೊಳಗೆ ಸೇರಿಸ್ಕೊಳ್ಳುತ್ತೆ. ಈ ಔಷಧಿಯ ಗುಣ ಎಣ್ಣೆಯ ಹಾಗೆ, ನೀರಿಗೆ ಒಗ್ಗಲ್ಲ. ಆ ಗಸಿನೇ ಔಷಧಿ."

"ಬಿಸಿನೀರಲ್ಲೂ ಕದಡಿದ್ದೆನಲ್ಲಮ್ಮ."

"ಬಿಸಿನೀರಲ್ಲೂ ಅಷ್ಟೇ."

"ಹಾಗಾದ್ರೆ ಇಷ್ಟು ದಿನ ಅವಳ ಹೊಟ್ಟೆಗೆ ಹೋಗಿದ್ದೇನು?"

ಆಕೆ ದನಿ ತಗ್ಗಿಸಿದಳು. "ಹೆಚ್ಚುಕಮ್ಮಿ ಬರೀ ನೀರು."

ಅವನು ಕಿಟಕಿಯ ಕಟ್ಟೆಯನ್ನು ಹಿಡಿದುಕೊಂಡ. ಹಿಂದೆ ನಿಂತಿದ್ದ ದರ್ಜಿ ಹೆಂಗಸು ಅವನ ತೋಳು ಹಿಡಿದಳು.

"ಒಳಗೆ ಅವಳಮ್ಮ ಕೂತಿದ್ದಾಳೆ. ಏನಂತ ಹೇಳ್ಲಿ?"

"ಮೊದಲು ಡಾಕ್ಟ್ರಿಗೆ ಹೇಳಿ. ಔಷಧಿ ಹೊಟ್ಟೆಗೇ ಹೋಗಿಲ್ಲ ಅಂತ ಅವರಿಗೆ ಗೊತ್ತಿಲ್ಲ. ಔಷಧಿ ಕೊಟ್ಟರೂ ಫಿಟ್ಸ್ ನಿಂತಿಲ್ಲ ಅಂದ್ಕೊಂಡಿರ್ತಾರೆ; ನಿಜ ತಿಳಿದ್ರೆ ಅವರು ಕೊಡೋ ಚಿಕಿತ್ಸೆನೇ ಬೇರೆ. ಓಡಿ."

ಅವನು ದರ್ಜಿ ಹೆಂಗಸಿನ ಕೈ ಬಿಡಿಸಿಕೊಂಡು, ಮೊಣಕೈಯಿಂದ ಜನರನ್ನು ಸರಿಸುತ್ತ ವಾರ್ಡಿನ ಕಡೆಗೆ ಓಡಿದ.