ಉತ್ತರಕ್ಕೆ ಮೊದಲಿನ ಉಸಿರು

ಮಳೆ ಹಿಡಿದದ್ದು ಸಂಜೆಗೆ ಮುಂಚೆಯೇ. ನಮ್ಮ ಬೀದಿಯ ಕೆಲವು ಮನೆಯವರು ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಜಪಸರದ ಪ್ರಾರ್ಥನೆ ಮಾಡುತ್ತೇವೆ. ಆ ವಾರ ಸರದಿ ನನ್ನದು. ಗೋಡೆ ಒಸರುತ್ತದೆಂದು ಕುರ್ಚಿಗಳನ್ನು ಮುಂದಕ್ಕೆ ಎಳೆದಿದ್ದೆ. ಕಿಟಕಿಯ ಸಂದಿಗೆ ಹಳೆಯ ಟವೆಲ್ ತುರುಕಿದ್ದೆ. ಗ್ಯಾಸ್ ಆರಿಸಿದ್ದೇನೆಂದು ಗೊತ್ತಿದ್ದೂ ಮತ್ತೆ ಹೋಗಿ ನೋಡಿ ಬಂದೆ. ಅಷ್ಟರಲ್ಲಿ ಕರೆಂಟು ಹೋಯಿತು.

ಪ್ರಾರ್ಥನೆ ನಡೆಸಬೇಕಿದ್ದ ಫಾದರ್ ನೀರು ತುಂಬಿದ ರಸ್ತೆಯಲ್ಲೆಲ್ಲೋ ಸಿಕ್ಕಿಕೊಂಡಿದ್ದರು. ಬಂದವರು ನೆನೆದ ಕೊಡೆಗಳನ್ನು ಬಾಗಿಲ ಬಳಿ ಒರಗಿಸಿ ಮೇಣದಬತ್ತಿಯ ಸುತ್ತ ಕುಳಿತರು: ಪಕ್ಕದ ಮನೆಯ ಟೀಚರ್, ಔಷಧಿ ಅಂಗಡಿಯವರು, ಮತ್ತೆ ಕಾಜಾ ಅಜ್ಜಿ. ಅಜ್ಜಿ ಬದುಕಿಡೀ ಅಣ್ಣನ ಟೈಲರ್ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹೊಲಿದವರು. ಹೆಸರು ಹೋಗಿ ಕಾಜಾ ಉಳಿದಿದೆ.

ಮೂಲೆಯ ಬೆತ್ತದ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಅದು ಅಮ್ಮನದು. ಕಳೆದ ಮಳೆಗಾಲದಲ್ಲಿ ಅಮ್ಮ ತೀರಿಕೊಂಡಳು. ಅಂದಿನಿಂದ ಪ್ರಾರ್ಥನೆಯ ಹೊತ್ತಿಗೆ ನಾನು ತುಟಿ ಆಡಿಸುತ್ತೇನೆ, ದನಿ ಹೊರಡಿಸುವುದಿಲ್ಲ. ಯಾರೂ ಗಮನಿಸಿಲ್ಲ ಎಂದುಕೊಂಡಿದ್ದೆ.

“ಫಾದರ್ ಬರೋ ತನಕ ಒಂದು ಕತೆ ಹೇಳಿ ಅಜ್ಜಿ,” ಎಂದರು ಟೀಚರ್. “ದೆವ್ವದ್ದೇ ಆಗ್ಲಿ, ಕತ್ತಲೆಗೆ ಸರಿಹೋಗುತ್ತೆ.”

“ಜಪಸರಕ್ಕೆ ಬಂದು ದೆವ್ವದ ಕತೆಯಾ?” ಔಷಧಿ ಅಂಗಡಿಯವರು ನಕ್ಕರು.

“ಯಾಕಪ್ಪಾ, ಸತ್ತವರಿಗೆ ಜಪಸರ ಬೇಡ್ವಾ? ನಿನ್ನ ಅಂಗಡಿ ಮಾತ್ರೆ ನುಂಗಿಯೂ ಹೋದವರು ಎಷ್ಟು ಜನ ಇಲ್ಲ!” ಎಂದ ಅಜ್ಜಿ ನನ್ನತ್ತ ಒಮ್ಮೆ ನೋಡಿ, ಸೆರಗು ಹೊದ್ದುಕೊಂಡು ಶುರು ಮಾಡಿದರು.

“ನಮ್ಮಣ್ಣನ ಮನೆ ಮುಂದಿನ ಕೋಣೇನೇ ಅಂಗಡಿ. ಎರಡು ಹೊಲಿಗೆ ಮಿಷನ್, ಎದುರುಬದುರು... ಒಂದರಲ್ಲಿ ಅಣ್ಣ, ಇನ್ನೊಂದರಲ್ಲಿ ಅತ್ತಿಗೆ, ಮಧ್ಯೆ ಮಣೆ ಹಾಕ್ಕೊಂಡು ನಾನು. ಸಂಜೆ ಚರ್ಚಿನ ಗಂಟೆ ಹೊಡೀತು ಅಂದ್ರೆ ಜಪಸರ ಶುರು, ಆದ್ರೆ ಮಿಷನ್ ನಿಲ್ತಿರ್ಲಿಲ್ಲ, ಗಿರಾಕಿ ಬಿಡ್ಬೇಕಲ್ಲ? ಕಾಲು ಪೆಡಲ್ ಮೇಲೆ, ದೇವರು ಬಾಯಲ್ಲಿ. ಆ ಪ್ರಾರ್ಥನೆ ಹೇಗೆ ಅಂತ ನಿಮಗೆ ಗೊತ್ತಲ್ಲ... ‘ನಮೋ ಮರಿಯಾ’ ಅಂತ ಮೊದಲರ್ಧ ಒಬ್ರು ಹೇಳ್ಬೇಕು, ‘ಸಂತ ಮರಿಯಾ’ ಅಂತ ಉಳಿದರ್ಧ ಇನ್ನೊಬ್ರು ಉತ್ತರ ಕೊಡ್ಬೇಕು. ಮೊದಲರ್ಧ ಅಣ್ಣಂದು, ಉತ್ತರ ಅತ್ತಿಗೇದು. ಅವನು ಮುಗಿಸೋ ಮೊದ್ಲೇ ಇವಳು ಉಸಿರು ಎಳ್ಕೊಂಡು ರೆಡಿ! ಹೀಗೆ...”

ಅಜ್ಜಿ ಬಾಯಿ ಒಂಚೂರು ತೆರೆದು ಉಸಿರೆಳೆದು, ಸೂಜಿಗೆ ದಾರ ಪೋಣಿಸುವವರ ಹಾಗೆ ಹಿಡಿದು ತೋರಿಸಿದರು. ಮೇಣದಬತ್ತಿ ಅಲ್ಲಾಡಿತು.

“‘ಏನೇ, ಓಟದ ಪಂದ್ಯಾನಾ?’ ಅಂತ ಅಣ್ಣ ರೇಗಿಸೋನು. ‘ನೀವು ದೇವರಿಗೂ ಅಳತೆ ತಗೊಂಡು ಕೂತ್ಕೋತೀರಿ, ನನಗೆ ಒಲೆ ಮೇಲೆ ಅಡುಗೆ ಇದೆ’ ಅನ್ನೋಳು ಅವಳು... ಹೀಗಿತ್ತು. ಆಮೇಲೆ ಅವಳ ಎದೆ ಕೆಟ್ಟಿತು. ಎಷ್ಟು ಬೇಡಿಕೊಂಡ ಅಂತೀರಿ ಅಣ್ಣ! ಟೈಲರ್ ಹತ್ರ ಗಿರಾಕಿಗಳು ಜಗಳ ಆಡ್ತಾರಲ್ಲ, ‘ಮಾತು ಕೊಟ್ಟಿದ್ದೀರಿ, ಯಾವತ್ತು ಕೊಡ್ತೀರಿ?’ ಅಂತ... ಅದನ್ನೇ ಮೊಣಕಾಲೂರಿ ದೇವರಿಗೆ ಹೇಳ್ತಿದ್ದ. ಬೇಡಿದ್ರೆ ಕೊಡ್ತೀನಿ ಅಂತ ಮಾತು ಕೊಟ್ಟೋನು ಅವನೇ ಅಲ್ವಾ? ಕೊಡ್ಲಿಲ್ಲ. ಅವಳು ಹೋದ್ಲು. ಮಣ್ಣು ಮಾಡಿ ಬಂದು ಅಣ್ಣ ಜಪಸರಾನ ಮೊಳೆಗೆ ನೇತುಹಾಕಿದ. ‘ಇನ್ನು ಅವನಿಗೂ ನನಗೂ ಮಾತಿಲ್ಲ’ ಅಂದ.

“ಮಾರನೇ ಸಂಜೆ ಗಂಟೆ ಹೊಡೀತು. ಅಣ್ಣ ಹೊಲೀತಾನೇ ಇದ್ದ. ಅತ್ತಿಗೆ ಮಿಷನ್ ಮೇಲೆ ಬಟ್ಟೆ ಮುಚ್ಚಿತ್ತು. ಗಂಟೆ ನಿಂತಿತು... ಆ ಬಟ್ಟೆ ಹಿಂದಿನಿಂದ, ಒಂದು ಉಸಿರು. ಒಳಗೆ ಎಳ್ಕೊಂಡಿದ್ದು. ಬಿಟ್ಟಿದ್ದು ಕೇಳಿಸ್ಲಿಲ್ಲ ಕಣ್ರೀ... ಎಳ್ಕೊಂಡು ಹಾಗೇ ಹಿಡ್ಕೊಂಡಿದೆ. ಯಾರೋ ಕಾಯ್ತಿದ್ದಾರೆ. ಏನಕ್ಕೆ ಹೇಳಿ? ಮೊದಲರ್ಧಕ್ಕೆ!

“ಅಣ್ಣ ರೇಡಿಯೋ ಜೋರು ಮಾಡಿದ. ಆ ಮಿಷನ್ ಎತ್ತಿ ಹಿಂದಿನ ಕೋಣೇಲಿ ಹಾಕಿದ. ಗಂಟೆ ಹೊತ್ತಿಗೆ ಟೀ ಅಂಗಡಿಗೆ ಹೋಗಿ ಕೂತ, ಅಲ್ಲೂ ಪಕ್ಕದ ಖಾಲಿ ಜಾಗದಲ್ಲಿ ಅದೇ ಉಸಿರು. ಟೀ ಹಾಗೇ ಬಿಟ್ಟು ಎದ್ದು ಬಂದ. ಮಿಷನ್ ತಿರುಗಿ ಅದರ ಜಾಗಕ್ಕೆ ತಂದಿಟ್ಟ. ನಾನೇ ಹೆದರಿ ಫಾದರ್‌ನ ಕರೆಸಿದೆ. ಒಳ್ಳೇ ಮನುಷ್ಯ, ವಯಸ್ಸಾದವರು. ಪವಿತ್ರ ಜಲ ಚಿಮುಕಿಸಿದ್ರು, ಆ ಹೊತ್ತಿನ ತನಕ ಕೂತ್ರು, ಅವರಿಗೂ ಕೇಳಿಸ್ತು. ‘ಇದು ಓಡಿಸೋ ಅಂಥದ್ದಲ್ಲ ಮಗನೇ’ ಅಂದ್ರು. ‘ನಿನ್ನ ದಾರಿ ನೋಡ್ತಿರೋದು. ಇದಕ್ಕೆ ನನ್ನ ಹತ್ರ ಜಲ ಇಲ್ಲ.’

“ಅವರು ಹೋದ ಮೇಲೆ ನಾನು ರೇಗಿದೆ. ‘ಅಣ್ಣಾ, ಮುನಿಸು ದೇವರ ಮೇಲೆ, ಶಿಕ್ಷೆ ಅವಳಿಗಾ? ನೀನು ಶುರು ಮಾಡ್ದೆ ಅವಳು ಉತ್ತರ ಕೊಡೋದು ಹೇಗೆ?’ ಅವನು ಕತ್ತರಿ ಕೆಳಗಿಟ್ಟ. ‘ಶುರು ಮಾಡಿದ್ರೆ, ಅವಳನ್ನ ಕರ್ಕೊಂಡಿದ್ದು ಸರಿ ಅಂತ ನಾನೇ ಒಪ್ಪಿದ ಹಾಗೆ ತಂಗಿ. ಒಪ್ಪಲ್ಲ. ಅಷ್ಟಾದ್ರೂ ಅವಳಿಗೋಸ್ಕರ ಮಾಡ್ಬೇಡ್ವಾ?’ ಅಂದ. ಇದಕ್ಕೇನು ಹೇಳ್ತೀರಿ? ಅವನು ಕೆಟ್ಟವನಾ? ಅಲ್ಲ... ಅಷ್ಟು ಪ್ರೀತಿ ಇತ್ತು, ಅದಕ್ಕೇ ಬಾಯಿ ಕಟ್ಟಿತ್ತು.

“ಆದ್ರೆ ದಿನ ಕಳೆದ ಹಾಗೆ ಆ ಉಸಿರು ಕುಗ್ತಾ ಬಂತು. ಒಂದು ಸಂಜೆ, ಹೀಗೇ ಮಳೆ ನೋಡಿ... ಎದೇಲಿ ಗೊರಗೊರ ಅಂತ ಸಿಕ್ಕಿಕೊಂಡು, ತಡೆದು ತಡೆದು... ಕಡೇ ವಾರ ಆಸ್ಪತ್ರೆ ಮಂಚದ ಮೇಲೆ ಎಳೀತಿದ್ಲಲ್ಲ, ಅದೇ, ಅಚ್ಚು ಹಾಗೇ. ಅಣ್ಣನ ಕಾಲು ಪೆಡಲ್ ಮೇಲೆ ನಿಂತುಹೋಯ್ತು. ‘ಬೇಡ ಕಣೇ’ ಅಂದ, ‘ಇನ್ನೊಂದು ಸಲ ನನ್ನ ಕೈಲಿ ನೋಡೋಕಾಗಲ್ಲ.’ ಎದ್ದು ಮೊಳೆಯಿಂದ ಜಪಸರ ತೆಗೆದ. ನಂಬಿಕೆ ಬಂದುಬಿಡ್ತಾ ಅಂತೀರಾ? ಎಲ್ಲಿಂದ ಬರುತ್ತೆ! ಅವಳು ಉಸಿರು ಬಿಡ್ಲಿ ಅಂತ, ಅಷ್ಟೇ. ಹಲ್ಲು ಕಚ್ಕೊಂಡು, ಸಾಲ ತೀರಿಸದವನನ್ನ ಬೈಯೋ ದನೀಲಿ ಮೊದಲರ್ಧ ಹೇಳ್ದ...

“ಉತ್ತರ ಬಂತು. ಅವಳದೇ ದನಿ. ಮಿಷನ್ ಮೇಲಿನ ಬಟ್ಟೆ ಒಂಚೂರು ಉಬ್ಬಿತು. ‘ಸಂತ ಮರಿಯಾ, ದೇವಮಾತೆಯೇ, ಪಾಪಿಗಳಾದ ನಮಗಾಗಿ, ಈಗಲೂ...’ ಅಲ್ಲಿಗೆ ನಿಂತಿತು. ಮುಂದಿನ ಮಾತು ಏನು? ನಿಮಗೆಲ್ಲ ಬಾಯಿಪಾಠ... ‘ನಮ್ಮ ಮರಣದ ಸಮಯದಲ್ಲೂ ಪ್ರಾರ್ಥಿಸಿರಿ.’ ಅದನ್ನ ಅವಳು ಹೇಗೆ ಹೇಳ್ತಾಳಪ್ಪಾ? ಅವಳ ಆ ಸಮಯ ಆಗಿಹೋಗಿದೆಯಲ್ಲ! ಅದು ಬದುಕಿರೋರ ಪಾಲು. ಆ ತುದೀನ ಅಣ್ಣ ತಾನೇ ಹೇಳಿ ಮುಗಿಸ್ದ. ಹೇಳ್ತಾ ಹೇಳ್ತಾ ಅತ್ತುಬಿಟ್ಟ. ಅವಳನ್ನ ಮಣ್ಣು ಮಾಡಿದ ದಿನವೂ ಅತ್ತಿರ್ಲಿಲ್ಲ ಅವನು.

“ತನ್ನ ಕೊನೇ ಸಂಜೆ ತನಕ ಹಾಗೇ ನಡೆಸ್ದ. ದೇವರ ಜೊತೆ ರಾಜಿ ಆಯ್ತಾ, ನನಗೆ ಗೊತ್ತಿಲ್ಲ. ‘ಮಾತು ಬಿಟ್ಟಿದ್ದೆ, ಈಗ ಜಗಳಕ್ಕೆ ಬಂದಿದ್ದೀನಿ’ ಅಂತಿದ್ದ. ಜಗಳಾನೂ ಮಾತೇ ತಾನೆ?”

 ಕಿಟಕಿಯ ಟವೆಲ್ ನೆನೆದು ನೀರು ನೆಲಕ್ಕೆ ಇಳಿಯುತ್ತಿತ್ತು, ನಾನು ಏಳಲಿಲ್ಲ. ಔಷಧಿ ಅಂಗಡಿಯವರ ಫೋನ್ ಬೆಳಗಿತು. ಫಾದರ್‌ಗೆ ಬರಲಾಗುವುದಿಲ್ಲವಂತೆ, ನಾವೇ ಪ್ರಾರ್ಥನೆ ಶುರು ಮಾಡಬೇಕಂತೆ.

“ಅಂತೂ ಅದು ನಿಮ್ಮಣ್ಣನ ಕಾಲಕ್ಕೇ ಮುಗೀತಲ್ಲ ಅಜ್ಜಿ,” ಎಂದರು ಅವರು, ಫೋನ್ ಜೇಬಿಗಿಡುತ್ತ. ನಗಲು ನೋಡಿದರು.

“ಮುಗೀತಾ?” ಅಜ್ಜಿ ಜಪಸರವನ್ನು ಬೆರಳಿಗೆ ಸುತ್ತಿಕೊಂಡರು. “ನನಗೆ ಕಿವಿ ಮಂದ ಆಗಿದೆ. ನೀನು ಹೇಳೋದರಲ್ಲಿ ಅರ್ಧ ಕೇಳಿಸಲ್ಲ, ಪುಣ್ಯ. ಆದ್ರೆ ಆ ಉಸಿರು ಮಾತ್ರ ಯಾವ ಮನೇಲಿದ್ರೂ ಕೇಳಿಸುತ್ತೆ... ಇಲ್ಲಿ ಬಂದು ಕೂತಾಗಿಂದ ಕೇಳ್ತಾನೇ ಇದ್ದೀನಿ.”

ಅವರು ಮೂಲೆಯ ಕಡೆ ನೋಡಲಿಲ್ಲ. ನನ್ನನ್ನು ನೋಡಿದರು.

“ಇವತ್ತು ಮೊದಲರ್ಧ ನಿಂದು ಮಗಳೇ. ನಿನ್ನ ಮನೆ. ಯಾರಾದ್ರೂ ಅರ್ಧಕ್ಕೆ ನಿಲ್ಲಿಸಿದ್ರೆ ತಿರುಗಿ ನೋಡ್ಬೇಡ, ಉಳಿದದ್ದು ನೀನೇ ಹೇಳು.”

ಬೆತ್ತ ಕಿರುಗುಟ್ಟಿದಂತಾಯಿತು. ಮಳೆಗೆ ಬೆತ್ತ ಸಡಿಲವಾಗುತ್ತದೆ ಎಂದುಕೊಂಡೆ. “ನನ್ನಿಂದಾಗಲ್ಲ ಅಜ್ಜಿ,” ಎಂದೆ. “ನನಗೆ ಈಗ ನಂಬಿಕೆ...”

“ನಂಬಿಕೆ ಆಮೇಲೆ ನೋಡ್ಕೊಳ್ಳೋಣ,” ಎಂದರು ಅಜ್ಜಿ ಮೆಲ್ಲಗೆ. “ಪಾಪ, ಒಂದು ವರ್ಷ ಆಗ್ತಾ ಬಂತು... ಮೊದ್ಲು ನಿಮ್ಮಮ್ಮ ಉಸಿರು ಬಿಡ್ಲಿ.”